ಹದವೇ ಬಂಡವಾಳ: ಹೊಗೆಸೊಪ್ಪಿನ ಸೀಮೆಯಲ್ಲಿ ಕಿನೋವಾ ಕಲಿಸಿದ ಪಾಠಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೆಚ್ಚಾಗಿ ಕಾಣುವ ಕೆಂಪು ಮರಳುಗೋಡು ಮಣ್ಣು ಮಳೆನೀರನ್ನು ಬೇಗ ಕುಡಿದು ಅಷ್ಟೇ ಬೇಗ ಕಳೆದುಕೊಳ್ಳುವುದರಿಂದ, ಮುಂಗಾರಿನ ಹೊಗೆಸೊಪ್ಪು ಮುಗಿದ ಮೇಲೆ ಅಲ್ಲಿ ಬಿತ್ತುವ ಯಾವ ಬೆಳೆಯಾದರೂ ಆ ಹೊತ್ತಿಗೆ ನೆಲದಲ್ಲಿ ಉಳಿದಿರುವ ಹದವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಹದವೆಂದರೆ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ಕಟ್ಟುವ, ಹೆಬ್ಬೆರಳಿನಿಂದ ತಟ್ಟಿದಾಗ ಆ ಉಂಡೆ ಪುಡಿಯಾಗುವ, ಅಂಗೈಗೆ ಅಂಟದ ತೇವ. ಅದು ಮಿತಿ ಮೀರಿದರೆ ಬೀಜ ಕೊಳೆಯುತ್ತದೆ, ಸಾಲದಾದರೆ ಮೊಳೆಯುವುದಿಲ್ಲ. ರಾಗಿ, ಹುರುಳಿ, ಅವರೆಗಳಿಗೆ ತಲೆಮಾರುಗಳಿಂದ ಬಳಸಿಕೊಂಡು ಬಂದ ಈ ಅಳತೆಯನ್ನೇ ಹೊಸ ಬೆಳೆಯಾದ ಕಿನೋವಾಕ್ಕೂ ಅನ್ವಯಿಸಿದಾಗ ಇಳುವರಿ ಕೈಸೇರಿದೆ, ಮರೆತಾಗ ಕೈತಪ್ಪಿದೆ ಎಂಬುದೇ ಇಲ್ಲಿನ ಅನುಭವದ ಸಾರ.

ಕಿನೋವಾ ರಾಗಿ ಅಥವಾ ಭತ್ತದಂತೆ ಹುಲ್ಲಿನ ಕುಲದ್ದಲ್ಲ. ದಂಟು, ಪಾಲಕ್, ಚಕ್ಕೋತನ ಸೊಪ್ಪುಗಳ ಕುಟುಂಬಕ್ಕೆ ಸೇರಿದ, ಬೊಲಿವಿಯಾ ಮತ್ತು ಪೆರು ದೇಶಗಳ ಆಂಡೀಸ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳಿಂದ ಬೆಳೆದುಬಂದಿರುವ ಸಣ್ಣ ಬೀಜದ ಆಹಾರ ಬೆಳೆ. ವಿಶ್ವಸಂಸ್ಥೆಯು 2013ನೆಯ ಇಸವಿಯನ್ನು ಕಿನೋವಾ ವರ್ಷವೆಂದು ಸಾರಿದ ದಶಕದಲ್ಲೇ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು, ಅಂದರೆ ಸಿ.ಎಫ್.ಟಿ.ಆರ್.ಐ., ಚಿಯಾ ಮತ್ತು ಕಿನೋವಾ ಬೀಜಗಳನ್ನು ಈ ಭಾಗದ ರೈತರಿಗೆ ಪರಿಚಯಿಸಿತು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದ 2005ರಲ್ಲಿ ಜಾರಿಗೆ ಬಂದ ಮೇಲೆ ಹೊಗೆಸೊಪ್ಪಿಗೆ ಪರ್ಯಾಯವೇನೆಂಬ ಪ್ರಶ್ನೆ ಇಲ್ಲಿ ಸದಾ ಇದ್ದೇ ಇರುವುದರಿಂದ, ಕಡಿಮೆ ನೀರಿನಲ್ಲಿ ಬರುವ ಬೆಳೆಯೆಂಬ ಮಾತು ಸಹಜವಾಗಿಯೇ ಆಸೆ ಹುಟ್ಟಿಸಿತು. ಆದರೆ ಬರವನ್ನು ತಾಳಿಕೊಂಡು ಬದುಕುವುದು ಬೇರೆ, ಬರದಲ್ಲಿ ತುಂಬಿದ ತೆನೆ ಕೊಡುವುದು ಬೇರೆ ಎಂಬ ವ್ಯತ್ಯಾಸ ಬೆಳೆದು ನೋಡಿದ ಮೇಲಷ್ಟೇ ತಿಳಿಯುವಂಥದ್ದು.

ಮೊದಲನೆಯ ಪಾಠ ಬಿತ್ತನೆಯ ಕಾಲಕ್ಕೆ ಸಂಬಂಧಿಸಿದ್ದು. ಕಿನೋವಾ ಹೂಬಿಡುವಾಗ ಬಿಸಿಲು ಸುಮಾರು 35 ಡಿಗ್ರಿ ದಾಟಿದರೆ ಕಾಳು ಕಟ್ಟುವುದು ಕುಂಠಿತವಾಗುತ್ತದೆ. ಮಾಗಿದ ಬೀಜಕ್ಕೆ ಸುಪ್ತಾವಸ್ಥೆ, ಅಂದರೆ ಕೆಲಕಾಲ ಮೊಳೆಯದೆ ಉಳಿಯುವ ಗುಣ, ಬಹಳ ಕಡಿಮೆ ಇರುವುದರಿಂದ ಕಟಾವಿನ ವೇಳೆ ಮಳೆ ಹಿಡಿದರೆ ಕಾಳು ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಆದ್ದರಿಂದ ಹಸ್ತ, ಚಿತ್ತಾ ಮಳೆಗಳ ನಡುವೆ ಬಿತ್ತಿ, ಚಳಿಗಾಲದಲ್ಲಿ ಹೂ ಕಾಣುವಂತೆ ಮಾಡಿ, ಸಂಕ್ರಾಂತಿಯ ಆಸುಪಾಸಿನ ಒಣ ಬಿಸಿಲಿಗೆ ಒಕ್ಕಣೆ ಬೀಳುವಂತೆ ಲೆಕ್ಕ ಹಾಕುವುದು ಈ ಸೀಮೆಗೆ ಹೊಂದುತ್ತದೆ. ಹಿಂಗಾರಿನ ಈ ಬಿತ್ತನೆಗೆ ಬಿದ್ದ ಮಳೆಯೇ ಅರ್ಧ ಕೆಲಸ ಮಾಡಿಕೊಡುವುದರಿಂದ, ಬೇಸಿಗೆಯ ಬಿತ್ತನೆಗೆ ಹೋಲಿಸಿದರೆ ಕೊಳವೆಬಾವಿಯ ಮೇಲಿನ ಹೊರೆ ತಾನಾಗಿಯೇ ತಗ್ಗುತ್ತದೆ.

ಎರಡನೆಯ ಪಾಠ ನೆಲದ ಸಿದ್ಧತೆಯದು. ಎಲೆ ಮುರಿದು ಮುಗಿದ ಮೇಲೂ ಹೊಗೆಸೊಪ್ಪಿನ ಕಡ್ಡಿಯನ್ನು ಹೊಲದಲ್ಲೇ ಬಿಟ್ಟರೆ ಅದು ಚಿಗುರುತ್ತ ನೆಲದ ತೇವವನ್ನು ಹೀರುತ್ತಲೇ ಇರುತ್ತದೆ ಮತ್ತು ಬೇರುಗಂಟು ಜಂತುಹುಳುವಿಗೆ ಆಸರೆಯಾಗುತ್ತದೆ. ಹಾಗಾಗಿ ಕಡ್ಡಿಯನ್ನು ಬೇರುಸಹಿತ ಕಿತ್ತು ತೆಗೆಯುವುದೇ ನೀರು ಉಳಿಸುವ ಮೊದಲ ಕೆಲಸ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಸರಿಪಡಿಸುವುದು, ಕೊಟ್ಟಿಗೆ ಗೊಬ್ಬರ ಸೇರಿಸಿ ಮಣ್ಣಿನ ನೀರು ಹಿಡಿಯುವ ಶಕ್ತಿ ಹೆಚ್ಚಿಸುವುದು, ಹರಿದುಹೋಗುವ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸುವುದು ಇವೆಲ್ಲ ಬಿತ್ತನೆಗೆ ಮುಂಚೆಯೇ ಮುಗಿಯಬೇಕಾದವು. ಬೀಜ ಎರಡು ಮಿಲಿಮೀಟರಿನಷ್ಟೇ ಇರುವುದರಿಂದ ಒಂದೆರಡು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದರೆ ಮೊಳಕೆಗೆ ಮೇಲೇಳುವ ಕಸುವು ಸಾಲದು; ಜರಡಿಯಾಡಿದ ಮರಳಿನೊಂದಿಗೆ ಬೀಜ ಬೆರೆಸಿ, ಸುಮಾರು 45 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ಮೇಲುಮೇಲಕ್ಕೆ ಉದುರಿಸಿ ಮುಚ್ಚುವುದು ಒಳ್ಳೆಯದು. ಬಿತ್ತಿದ ಮಾರನೆಯ ದಿನ ಜೋರು ಮಳೆ ಹೊಡೆದು ಮೇಲೆ ಬಿಸಿಲು ಬಿದ್ದರೆ ಕೆಂಪು ಮಣ್ಣು ಹಕ್ಕಳೆಗಟ್ಟುತ್ತದೆ. ಆಗ ಹಕ್ಕಳೆಯ ಒಂದು ಚೂರನ್ನು ಉಗುರಿನಿಂದ ಎಬ್ಬಿಸಿ ನೋಡಿದರೆ, ಅದರಡಿಯಲ್ಲಿ ನೂಲಿನಂಥ ಬಿಳಿಯ ಮೊಳಕೆ ಮೇಲೇಳಲಾರದೆ ಬಾಗಿ ಮಲಗಿರುವುದು ಕಾಣುತ್ತದೆ. ಹಗುರವಾದ ಮುಳ್ಳುಕೊಂಬೆಯನ್ನು ಒಮ್ಮೆ ಎಳೆದರೆ ಅಥವಾ ತೆಳುವಾಗಿ ನೀರು ಚಿಮುಕಿಸಿದರೆ ಅದು ಉಳಿದುಕೊಳ್ಳುತ್ತದೆ. ಮೊದಲ ಬಿತ್ತನೆಗಳಲ್ಲಿ ಬೀಜದ ದೋಷವೆಂದು ತಿಳಿದದ್ದರಲ್ಲಿ ಎಷ್ಟೋ ಪಾಲು ಆಳದ ಮತ್ತು ಹಕ್ಕಳೆಯ ದೋಷವೇ ಆಗಿತ್ತು.

ಮೂರನೆಯ ಪಾಠವೇ ಎಲ್ಲಕ್ಕಿಂತ ಮುಖ್ಯವಾದುದು: ಕೊಟ್ಟ ನೀರಿನ ಪ್ರಮಾಣಕ್ಕಿಂತ ಕೊಟ್ಟ ಹೊತ್ತು ದೊಡ್ಡದು. ಬೆಳೆಯ ಪೂರ್ಣ ಬೇಡಿಕೆಗಿಂತ ಕಡಿಮೆ ನೀರನ್ನು ಆಯ್ದ ಘಟ್ಟಗಳಲ್ಲಿ ಮಾತ್ರ ಕೊಡುವ ಕ್ರಮವನ್ನು ಮಿತ ನೀರಾವರಿ ಎನ್ನಬಹುದು. ಬೊಲಿವಿಯಾದ ಎತ್ತರದ ಬಯಲಿನಲ್ಲಿ ನಡೆದ ಪ್ರಯೋಗಗಳಲ್ಲಿ, ಸಸಿ ನೆಲೆಯೂರುವ ಘಟ್ಟ ಮತ್ತು ಹೂವಿನಿಂದ ಹಾಲುಗಾಳಿನವರೆಗಿನ ಘಟ್ಟಗಳಿಗೆ ನೀರನ್ನು ಮೀಸಲಿಟ್ಟಾಗ, ಪೂರ್ಣ ನೀರಾವರಿಗೆ ಬೇಕಾದುದರ ಅರ್ಧದಷ್ಟು ನೀರಿನಲ್ಲೇ ಹೆಕ್ಟೇರಿಗೆ 1.2ರಿಂದ 2 ಟನ್, ಅಂದರೆ ಎಕರೆಗೆ ಸುಮಾರು 5ರಿಂದ 8 ಕ್ವಿಂಟಲ್ ಇಳುವರಿ ಸ್ಥಿರವಾಗಿ ನಿಂತಿತು. ಈ ಎರಡು ಘಟ್ಟಗಳ ನಡುವೆ ಎಲೆ ಮಧ್ಯಾಹ್ನ ತುಸು ಬಾಡಿದರೂ ಸಂಜೆಗೆ ಚೇತರಿಸಿಕೊಳ್ಳುವವರೆಗೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಆಗ ಬೇರು ತೇವವನ್ನು ಅರಸಿ ಕೆಳಕ್ಕಿಳಿಯುತ್ತಿರುತ್ತದೆ. ಹಾಲುಗಾಳಿನ ಗುರುತು ಸರಳ: ತೆನೆಯ ಕಾಳನ್ನು ಉಗುರಿನಿಂದ ಒತ್ತಿದರೆ ಬಿಳಿಯ ರಸ ಒಸರುತ್ತದೆ; ಆ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ, ಕಾಳು ಗಟ್ಟಿಯಾದ ಮೇಲೆ ಕೊಟ್ಟ ನೀರು ವ್ಯರ್ಥ.

ನೀರು ಕೊಡುವ ವಿಧಾನ ಊರೂರಿಗೆ ಬದಲಾಗುತ್ತದೆ. ಹುಣಸೂರು, ಎಚ್.ಡಿ. ಕೋಟೆಗಳಲ್ಲಿ ಶುಂಠಿಗೆ ಬಳಸಿದ ಸ್ಪ್ರಿಂಕ್ಲರುಗಳು ಮೊಳಕೆಯ ಹಂತಕ್ಕೆ ಉಪಯುಕ್ತವಾದರೂ, ತೆನೆ ಬಂದ ಮೇಲೆ ಅವು ಎಲೆ ಮತ್ತು ತೆನೆಗಳನ್ನು ತೋಯಿಸಿ ಬೂಜು ರೋಗಕ್ಕೆ ದಾರಿ ಮಾಡುವುದರಿಂದ ಆಗ ಹನಿ ನೀರಾವರಿಯೇ ಲೇಸು. ಅದಿಲ್ಲದ ಕಡೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸಬಹುದು. ಕಾವೇರಿಯ ನಾಲೆಗಳು ಹರಿಯುವ ಕೆ.ಆರ್. ನಗರದಲ್ಲಿ ತೊಂದರೆ ಇದಕ್ಕೆ ವಿರುದ್ಧವಾದುದು: ಭತ್ತದ ಗದ್ದೆಯಲ್ಲಿ ನಿಂತ ನೀರು ಕಿನೋವಾದ ಬೇರನ್ನು ಉಸಿರುಗಟ್ಟಿಸುವುದರಿಂದ, ಅಲ್ಲಿ ನೀರು ಬಸಿದುಹೋಗುವ ಎತ್ತರದ ಹೊಲವನ್ನೇ ಆರಿಸಿಕೊಳ್ಳಬೇಕು. ಎಲ್ಲ ಕಡೆಗೂ ಸಲ್ಲುವ ಕ್ರಮವೆಂದರೆ ಎಡೆಕುಂಟೆ. ಅದು ಕಳೆಯನ್ನು ಕೀಳುವುದಲ್ಲದೆ ಮೇಲ್ಮಣ್ಣನ್ನು ಸಡಿಲಗೊಳಿಸಿ, ಕೆಳಗಿನ ತೇವ ಆವಿಯಾಗದಂತೆ ಮಣ್ಣಿನದೇ ಹೊದಿಕೆ ಹಾಸುತ್ತದೆ. ಎಳೆಯ ಕಿನೋವಾ ಸಸಿ ಕಾಡುದಂಟಿನಂತೆ ಕಾಣುವುದರಿಂದ ಕಳೆ ಕೀಳುವವರ ಕೈಗೆ ಬೆಳೆಯೇ ಸಿಕ್ಕಿ ಹೋಗುವುದುಂಟು. ಚಿಗುರೆಲೆಯ ಅಡಿಯಲ್ಲಿ ಬೂದಿ ಉದುರಿಸಿದಂತೆ ಹೊಳೆಯುವ ಕಣಗಳಿದ್ದರೆ ಅದು ಕಿನೋವಾ ಎಂದು ಮೊದಲೇ ತೋರಿಸಿಕೊಡುವುದು ಅಗತ್ಯ.

ಕೊನೆಯ ಪಾಠ ಕಣದಲ್ಲಿ ಕಲಿತದ್ದು. ಕಾಳಿನ ಮೇಲೆ ಸಪೋನಿನ್ ಎಂಬ ಕಹಿ ಪದಾರ್ಥದ ಲೇಪವಿರುತ್ತದೆ. ಅದು ಹಕ್ಕಿಗಳನ್ನು ದೂರವಿಡುವುದಾದರೂ, ನೀರಿನಲ್ಲಿ ಉಜ್ಜಿದಾಗ ಅಂಟುವಾಳದ ಕಾಯಿಯಂತೆ ನೊರೆಯೇಳುತ್ತದೆ ಮತ್ತು ನೊರೆ ನಿಲ್ಲುವವರೆಗೆ ತೊಳೆಯದೆ ಉಣ್ಣುವಂತಿಲ್ಲ. ಹೊಲದಲ್ಲಿ ಉಳಿಸಿದ ನೀರನ್ನು ತೊಳೆಯುವ ತೊಟ್ಟಿಯಲ್ಲಿ ಚೆಲ್ಲಿದರೆ ಉಳಿತಾಯದ ಲೆಕ್ಕ ಸುಳ್ಳಾಗುತ್ತದೆ. ಒಣಗಿದ ಕಾಳಿನ ಮೇಲ್ಪದರವನ್ನು ಮೊದಲು ಯಂತ್ರದಲ್ಲಿ ಉಜ್ಜಿ ತೆಗೆದರೆ ತೊಳೆಯಲು ಬೇಕಾಗುವ ನೀರು ಬಹಳ ಕಡಿಮೆಯಾಗುತ್ತದೆ, ಮತ್ತು ಸಪೋನಿನ್ ಮೀನುಗಳಿಗೆ ವಿಷವಾದ್ದರಿಂದ ಆ ತೊಳೆನೀರನ್ನು ಕೆರೆಗೆ ಬಿಡಲೇಬಾರದು. ಇಂಥ ಯಂತ್ರವನ್ನು ಒಬ್ಬೊಬ್ಬರೇ ಇಟ್ಟುಕೊಳ್ಳಲಾಗದು. ಹೊಗೆಸೊಪ್ಪಿಗೆ ಇರುವಂತೆ ನಿಶ್ಚಿತ ಹರಾಜು ಮಾರುಕಟ್ಟೆಯೂ ಕಿನೋವಾಕ್ಕೆ ಇಲ್ಲದಿರುವುದರಿಂದ, ಕೊಳ್ಳುವವರೊಂದಿಗೆ ಮೊದಲೇ ಮಾತಾಗದೆ ಹೆಚ್ಚು ಎಕರೆಗೆ ಬಿತ್ತುವುದು ಅಪಾಯ. ರಾಗಿ, ಅವರೆಗಳನ್ನು ಬಿಡದೆ, ಹೊಲದ ಒಂದು ಮೂಲೆಯಲ್ಲಿ ಹತ್ತು ಗುಂಟೆಯಿಂದ ಆರಂಭಿಸಿ, ಮೊದಲ ಫಸಲಿನ ಒಂದಿಷ್ಟನ್ನು ಮನೆಯ ಉಪ್ಪಿಟ್ಟು, ಪೊಂಗಲುಗಳಲ್ಲಿ ಉಂಡು ನೋಡಿ ಮುಂದುವರಿಯುವುದು ವಿವೇಕದ ಹೆಜ್ಜೆ. ಮುಂದಿನ ಹಸ್ತ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೊಲಕ್ಕಿಳಿದು, ಬೀಜದ ಚೀಲ ಬಿಚ್ಚುವ ಮುನ್ನ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡುವ ರೈತನಿಗೆ ಈ ಎಲ್ಲ ಪಾಠಗಳ ಮೊದಲ ಅಕ್ಷರ ಆಗಲೇ ಗೊತ್ತಿರುತ್ತದೆ.