ಭತ್ತದ ಊರಿನಿಂದ ಕಡಲಿಗೆ: ಮಕ್ಕಳ ಜೊತೆ ಎಲ್ಲಿ ನಡೆಯಬೇಕು?

ಪ್ರಶ್ನೆ: ನಮ್ಮದು ಗಂಗಾವತಿ ತಾಲೂಕಿನ ಮರಳಿ. ಕಾಲುವೆ ನೀರಿನ ಭತ್ತದ ಒಕ್ಕಲುತನ. ಮಗಳಿಗೆ ಒಂಬತ್ತು, ಮಗನಿಗೆ ಆರು ವರ್ಷ. ಇಬ್ಬರೂ ಇನ್ನೂ ಕಡಲು ಕಂಡಿಲ್ಲ, ನಮ್ಮ ಅವ್ವನೂ ಕಂಡಿಲ್ಲ. ಮರಳಿನಾಗ ಕುಂತು ಫೋಟೋ ತೆಗೆಸಿಕೊಂಡು ಬರೋದು ಬ್ಯಾಡ. ಕಡಲ ದಂಡಿಗುಂಟ ನಡೆದಾಡಿ, ಅಲ್ಲಿಯ ಹೊಲ-ಗದ್ದೆ ನೋಡಿ, ನೀರು ಇಳಿದಾಗ ಬಂಡೆ ನಡುವೆ ಉಳಿಯೋ ಹೊಂಡದಾಗ ಏನೇನು ಜೀವ ಇರ್ತಾವೋ ಮಕ್ಕಳಿಗೆ ತೋರಿಸಬೇಕು. ಎಲ್ಲಿಗೆ, ಯಾವಾಗ ಹೋದರೆ ಒಳ್ಳೇದು?
ಓದುಗರೊಬ್ಬರು, ಮರಳಿ

ಉತ್ತರ: ಉತ್ತರ ಕನ್ನಡ ಜಿಲ್ಲೆಯಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಹೋಗಿ. ನೀವು ಕೇಳಿದ ಎರಡೂ ಅಲ್ಲಿ ಒಂದೇ ನದಿಯ ಆಚೀಚೆ ಸಿಗುತ್ತವೆ. ತೆಂಕಣ ದಡದ ಕಡೆ, ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ, ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗ ಭತ್ತದ ಗದ್ದೆಗಳಿವೆ. ಬಡಗಣ ದಡಕ್ಕೆ ದಾಟಿ ಗೋಕರ್ಣದ ಓಂ ಬೀಚಿಗೆ ಬಂದರೆ ಬಂಡೆಗಳ ನಡುವಿನ ಹೊಂಡಗಳಿವೆ. ಆರು ವರ್ಷದ ಮಗುವನ್ನೂ ಅವ್ವನನ್ನೂ ಕರೆದುಕೊಂಡು ಇಷ್ಟನ್ನೂ ಒಂದೇ ನಡಿಗೆಯಲ್ಲಿ ಮುಗಿಸುವ ಹಟ ಬೇಡ. ಒಂದು ಸಂಜೆ ಗದ್ದೆಯ ಒಡ್ಡಿನ ಮೇಲೆ, ಮರುದಿನ ಬೆಳಗ್ಗೆ ಬಂಡೆಗಳ ಮೇಲೆ ಎಂದು ಎರಡು ಪುಟ್ಟ ನಡಿಗೆ ಮಾಡಿಕೊಳ್ಳಿ. ಕರಾವಳಿಯಲ್ಲಿ ಇನ್ನೂ ಚೆಂದದ ದಂಡೆಗಳಿವೆ. ಆದರೆ ಭತ್ತದ ಮನೆಯ ಮಕ್ಕಳಿಗೆ ಕಡಲು ಚೆನ್ನಾಗಿ ಅರ್ಥವಾಗುವುದು ಭತ್ತದ ಮೂಲಕವೇ. ಅದಕ್ಕೇ ಈ ಜಾಗ ಹೇಳುತ್ತಿದ್ದೇನೆ.

ಮೊದಲು ಗದ್ದೆಯ ವಿಷಯ. ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ಕಡಲು ಸೇರುವ ನದಿ. ತುಂಗಭದ್ರೆಯ ನೀರು ನಿಮ್ಮೂರಿಗೆ ಬರುವುದು ಗೇಟು ತೆಗೆದಾಗ ಮಾತ್ರ. ಇಲ್ಲಿ ನೀರು ದಿನಕ್ಕೆ ಎರಡು ಸಲ ತಾನಾಗಿ ಏರುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದ ಹೊತ್ತಿಗೆ ಕಡಲಿನ ಉಪ್ಪುನೀರು ನದಿಯೊಳಗೆ ಕಿಲೋಮೀಟರುಗಟ್ಟಲೆ ನುಗ್ಗುತ್ತದೆ. ಹೀಗೆ ಉಪ್ಪುನೀರು ಬಂದು ಹೋಗುವ ತಗ್ಗು ನೆಲಕ್ಕೆ ಅಲ್ಲಿಯ ಜನ ಗಜನಿ ಎನ್ನುತ್ತಾರೆ. ಗಜನಿಯ ಸುತ್ತ ಒಡ್ಡು ಕಟ್ಟಿ, ಒಡ್ಡಿನಲ್ಲಿ ತೂಬು ಇಟ್ಟು, ಕಡಲಿನ ನೀರನ್ನು ಬೇಕಾದಾಗ ತಡೆದು ಬೇಕಾದಾಗ ಬಿಟ್ಟುಕೊಳ್ಳುವ ಬೇಸಾಯ ಅವರದು.

ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಕೊಪ್ಪಳದಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ ಆ ಕರಾವಳಿಯಲ್ಲಿ 3000 ಮಿಲಿಮೀಟರ್ ದಾಟುತ್ತದೆ. ಆ ಮಳೆನೀರು ಗಜನಿಯ ಮಣ್ಣಿನ ಉಪ್ಪನ್ನು ತೊಳೆದು ಹೊಳೆಗೆ ಇಳಿಸುತ್ತದೆ. ಉಪ್ಪು ತಗ್ಗಿದ ಆ ನಾಲ್ಕು ತಿಂಗಳಲ್ಲೇ ಕಗ್ಗ ಮೊಳೆತು, ಬೆಳೆದು, ತೆನೆ ಕಟ್ಟಬೇಕು. ನಡುವೆ ನೆರೆ ಬಂದು ಗದ್ದೆ ಕೆಲವು ದಿನ ಮುಳುಗಿದರೂ ಪೈರು ಕೊಳೆಯುವುದಿಲ್ಲ. ಒಂದಿಷ್ಟು ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಯೂರಿಯಾ ಇಲ್ಲ, ಔಷಧಿ ಸಿಂಪಡಣೆ ಇಲ್ಲ. ಹೊಳೆ ತಂದು ಬಿಡುವ ಗೋಡುಮಣ್ಣೇ ಗೊಬ್ಬರ. ಅಕ್ಟೋಬರ್–ನವೆಂಬರ್ ಹೊತ್ತಿಗೆ ಕೊಯ್ಲು. ನೀರು ನಿಂತ ಕಡೆ ಬುಡದವರೆಗೆ ಕೊಯ್ಯದೆ ತೆನೆಯಷ್ಟನ್ನೇ ಕೊಯ್ದುಕೊಳ್ಳುತ್ತಾರೆ. ಅಕ್ಕಿ ಕೆಂಪು, ಗಂಜಿಗೆ ಹೇಳಿಮಾಡಿಸಿದ್ದು. ನಿಮ್ಮ ಸೋನಾ ಮಸೂರಿಯಷ್ಟು ಇಳುವರಿ ಇದರಿಂದ ಬರುವುದಿಲ್ಲ. ಆದರೆ ಸೋನಾ ಮಸೂರಿ ಬದುಕಲಾರದ ನೆಲದಲ್ಲಿ ಇದು ಬದುಕುತ್ತದೆ.

ಕೊಯ್ಲಿನ ಮೇಲೆ ತೂಬು ತೆರೆಯುತ್ತಾರೆ. ಉಬ್ಬರದ ನೀರಿನ ಜೊತೆ ಸಿಗಡಿ, ಮೀನಿನ ಮರಿಗಳು ಒಳಗೆ ಬರುತ್ತವೆ. ಉಳಿದ ಕೂಳೆ ಕೊಳೆತು ಅವಕ್ಕೆ ಆಹಾರವಾಗುತ್ತದೆ, ಅವನ್ನು ಹಿಡಿಯಲು ಕೊಕ್ಕರೆ, ಬೆಳ್ಳಕ್ಕಿ, ದೂರದೇಶದ ಹಕ್ಕಿಗಳು ಇಳಿಯುತ್ತವೆ. ಮುಂದಿನ ಮಳೆಗಾಲದ ಭತ್ತಕ್ಕೆ ಇವೆಲ್ಲದರ ಹಿಕ್ಕೆಯೂ ಸತ್ವ. ಕೇರಳದ ಪೊಕ್ಕಾಳಿ ಗದ್ದೆಗಳೂ ಗೋವಾದ ಖಜಾನ್ ನೆಲಗಳೂ ಇದೇ ಬಗೆಯವು. ಒಡ್ಡು ಎಲ್ಲರಿಗೂ ಸೇರಿದ್ದಾದ್ದರಿಂದ ಒಬ್ಬರೇ ಇಲ್ಲಿ ಕಗ್ಗ ಬೆಳೆಯಲು ಆಗುವುದಿಲ್ಲ. ನೀರು ಬಿಡುವುದು, ತಡೆಯುವುದು ಒಟ್ಟಾಗಿ ತೀರ್ಮಾನಿಸುವ ಕೆಲಸ. ಒಡ್ಡು ಒಡೆದ ಕಡೆ, ಸಿಗಡಿ ಸಾಕಣೆಯ ಲಾಭ ಸೆಳೆದ ಕಡೆ ಭತ್ತ ನಿಂತೇಹೋಗಿದೆ. ಉಳಿದಿರುವ ಕಗ್ಗದ ಗದ್ದೆಯನ್ನು ಮಕ್ಕಳಿಗೆ ಈಗಲೇ ತೋರಿಸಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಅದೇ ಸಲ ಕರ್ನಾಟಕದಿಂದ ಇನ್ನೆರಡು ಹೆಸರು ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ತುಂಗಭದ್ರಾ ಹಿನ್ನೀರಿಗೆ ಹತ್ತಿರದ ಅಂಕಸಮುದ್ರ. ಅಂಕಸಮುದ್ರ ನಿಮಗೆ ದೂರವಲ್ಲ. ಮಕ್ಕಳಿಗೆ ಹಕ್ಕಿಯ ರುಚಿ ಹತ್ತಿದರೆ ಇನ್ನೊಂದು ರಜೆಗೆ ಅಲ್ಲಿಗೂ ಹೋಗಬಹುದು.

ಈಗ ಕಾಲ ಮತ್ತು ವೇಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಲೇಬೇಡಿ. ಆಗ ಕಡಲು ಕೆರಳಿರುತ್ತದೆ, ಬಂಡೆಗಳ ಹತ್ತಿರ ನಿಲ್ಲುವುದೇ ಅಪಾಯ. ನಿಮಗೆ ಹೇಳಿಮಾಡಿಸಿದ ಹೊತ್ತು ದಸರಾ ರಜೆಯಿಂದ ದೀಪಾವಳಿಯವರೆಗೆ. ಗಜನಿಯಲ್ಲಿ ತೆನೆ ಬಲಿತಿರುತ್ತದೆ, ಕಡಲು ಶಾಂತವಾಗಿರುತ್ತದೆ. ತಡವಾದರೆ ಡಿಸೆಂಬರ್–ಜನವರಿಯೂ ಆದೀತು. ಭತ್ತ ಇರುವುದಿಲ್ಲ, ಹಕ್ಕಿಗಳು ತುಂಬಿರುತ್ತವೆ.

ವೇಳೆ ಗೊತ್ತುಮಾಡುವುದು ಚಂದ್ರ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಬಂಡೆಯ ಹೊಂಡಗಳು ಚೆನ್ನಾಗಿ ತೆರೆದುಕೊಳ್ಳುವುದು ಆಗಲೇ. ಅಷ್ಟಮಿಯ ಸುತ್ತ ಹೋದರೆ ನೀರು ಸರಿಯಾಗಿ ಇಳಿಯುವುದೇ ಇಲ್ಲ. ಆ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಇಳಿತ ಬೀಳುವುದು ನಸುಕಿನಲ್ಲಿ ಮತ್ತು ಸಂಜೆ. ಮೂರು-ನಾಲ್ಕು ದಿನ ಕಳೆದರೆ ಬೆಳಗಿನ ಇಳಿತ ಏಳು-ಎಂಟು ಗಂಟೆಯ ಆಸುಪಾಸಿಗೆ ಬರುತ್ತದೆ. ಮಕ್ಕಳಿಗೆ ಅದೇ ಸರಿಯಾದ ವೇಳೆ. ಇದು ಅಂದಾಜಿನ ಲೆಕ್ಕ. ಹೊರಡುವ ಮುನ್ನ ಕಾರವಾರದ ಉಬ್ಬರವಿಳಿತದ ಪಟ್ಟಿ ನೋಡಿಕೊಳ್ಳಿ. ದಿನದ ಎರಡು ಇಳಿತ ಒಂದೇ ಸಮ ಇರುವುದಿಲ್ಲ, ಪಟ್ಟಿಯಲ್ಲಿ ಚಿಕ್ಕ ಅಂಕಿ ಇರುವುದನ್ನು ಆರಿಸಿಕೊಳ್ಳಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ದೊಡ್ಡ ಅಲೆಗಳ ಮುನ್ಸೂಚನೆ ಕೊಡುತ್ತದೆ. ಎಚ್ಚರಿಕೆ ಇದ್ದ ದಿನ ಬಂಡೆಯ ಕಡೆ ಹೋಗುವುದು ಬೇಡ.

ದಾರಿ ಹೀಗೆ: ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ. 300 ಕಿಲೋಮೀಟರಿಗೂ ಹೆಚ್ಚು. ಹುಬ್ಬಳ್ಳಿಯವರೆಗೆ ಗಂಗಾವತಿಯಿಂದ ರೈಲೂ ಉಂಟು, ಅಲ್ಲಿಂದ ಮುಂದೆ ಬಸ್ಸು. ಮೊದಲ ರಾತ್ರಿ ಕುಮಟಾದಲ್ಲಿ ಉಳಿದು ಮಕ್ಕಳ ದಣಿವು ಆರಲು ಬಿಡಿ. ಮರುದಿನ ಬಿಸಿಲು ತಗ್ಗಿದ ಮೇಲೆ ಮಾಣಿಕಟ್ಟಾಕ್ಕೆ ಹೋಗಿ. ಗದ್ದೆಯಲ್ಲಿರುವವರನ್ನು ಮಾತಾಡಿಸಿ, ಕೇಳಿಯೇ ಒಡ್ಡು ಹತ್ತಿ. ನೀವೂ ಒಕ್ಕಲಿಗರು ಎಂದು ಹೇಳಿದರೆ ಮಾತಿಗೆ ಬರವಿರುವುದಿಲ್ಲ. ಬಿತ್ತನೆ ಹೇಗೆ, ಕೊಯ್ಲು ಹೇಗೆ, ಒಡ್ಡಿನ ಖರ್ಚು ಯಾರದು ಎಂದು ಮಕ್ಕಳ ಎದುರೇ ಕೇಳಿ. ಅಕ್ಕಿ ಮಾರಲು ಇದ್ದರೆ ನಾಲ್ಕು ಸೇರು ಕೊಂಡುಕೊಳ್ಳಿ. ಒಡ್ಡಿನ ಅಂಚು ಕುಸಿಯುತ್ತದೆ, ಆದ್ದರಿಂದ ನಡುವೆಯೇ ನಡೆಯಿರಿ.

ಅದಾದ ಮೇಲೆ ಅಘನಾಶಿನಿ ಊರಿನಿಂದ ತಾರಿ ದೋಣಿಯಲ್ಲಿ ಎದುರು ದಡದ ತದಡಿಗೆ ದಾಟಿದರೆ ಮಕ್ಕಳಿಗೆ ಅಳಿವೆಯ ಅಗಲ ಕಾಣುತ್ತದೆ. ನೀರು ಇಳಿದ ಹೊತ್ತಾದರೆ ನದಿಯ ದಿಬ್ಬಗಳ ಮೇಲೆ ಬಳಚು ಎಂಬ ಚಿಪ್ಪುಜೀವಿಗಳನ್ನು ಆಯುವವರು ಕಾಣಬಹುದು. ನೂರಾರು ಕುಟುಂಬಗಳ ಅನ್ನ ಅದು. ತದಡಿಯಿಂದ ಗೋಕರ್ಣದ ಕಡೆ ಹೋಗುವಾಗ ಸಾಣಿಕಟ್ಟಾ ಸಿಗುತ್ತದೆ. ಅದೇ ಅಳಿವೆಯ ನೀರನ್ನು ಅಲ್ಲಿ ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುತ್ತಾರೆ. ಉಪ್ಪಿನ ರಾಶಿ ನೋಡಬೇಕೆಂದರೆ ಬೇಸಿಗೆಗೇ ಬರಬೇಕು. ಮಡಿಗಳನ್ನಂತೂ ಯಾವಾಗಲೂ ನೋಡಬಹುದು.

ಎರಡನೆಯ ನಡಿಗೆ ಓಂ ಬೀಚಿನದು. ಮೇಲಿನವರೆಗೆ ವಾಹನ ಹೋಗುತ್ತದೆ, ಅಲ್ಲಿಂದ ಮೆಟ್ಟಿಲು ಇಳಿಯಬೇಕು. ಅವ್ವನ ಕೈ ಹಿಡಿದು ನಿಧಾನಕ್ಕೆ ಇಳಿಸಿ, ನೆರಳಿನಲ್ಲಿ ಕೂರಿಸಿ. ಎರಡು ಬಿಲ್ಲಿನಾಕಾರದ ದಂಡೆಗಳ ನಡುವೆ ಕಡಲಿಗೆ ಚಾಚಿದ ಬಂಡೆಗಳಿವೆ, ಎರಡೂ ತುದಿಗಳಲ್ಲೂ ಇವೆ. ಇಳಿತಕ್ಕೆ ಒಂದು ಗಂಟೆ ಮುಂಚೆ ಅಲ್ಲಿರಿ. ಕೆಳಗಿಳಿಯುವ ನೀರನ್ನು ಹಿಂಬಾಲಿಸಿ ಹೋಗಿ, ನೀರು ತಿರುಗಿದ ಕೂಡಲೇ ಮೇಲೆ ಬನ್ನಿ. ಮುಂದಿನ ಹಾಫ್ ಮೂನ್, ಪ್ಯಾರಡೈಸ್ ದಂಡೆಗಳ ಕಾಲುದಾರಿ ಕಡಿದಾದ ಗುಡ್ಡದಂಚಿನದು. ಚಿಕ್ಕ ಮಗನಿಗೆ ಈ ಸಲ ಅದು ಬೇಡ.

ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಓದಲು ಮಕ್ಕಳಿಗೆ ಕಲಿಸಿ. ಎಲ್ಲಕ್ಕಿಂತ ಮೇಲೆ, ಅಲೆಯ ಸಿಡಿತ ಮಾತ್ರ ತಾಗುವ ಕಡೆ, ಕಡಲೆಕಾಳಿನಷ್ಟು ಸಣ್ಣ ಬಸವನಹುಳುಗಳು ಬಿರುಕುಗಳಲ್ಲಿ ಅಂಟಿರುತ್ತವೆ. ಅದರ ಕೆಳಗೆ ಬಿಳಿ ಬೊಕ್ಕೆಗಳಂತೆ ಕಾಣುವುದು ಬಾರ್ನಕಲ್. ಅವು ಸಿಗಡಿ, ಏಡಿಗಳ ದಾಯಾದಿಗಳು. ನೀರು ಇಳಿದಾಗ ಬಾಗಿಲು ಮುಚ್ಚಿ ಒಳಗೆ ಹನಿ ನೀರು ಹಿಡಿದುಕೊಂಡು ಕೂರುತ್ತವೆ, ನೀರು ಬಂದಾಗ ಬಾಗಿಲು ತೆಗೆದು ಗರಿಯಂಥ ಕಾಲುಗಳಿಂದ ಆಹಾರ ಸೋಸಿಕೊಳ್ಳುತ್ತವೆ. ಇನ್ನೂ ಕೆಳಗೆ ಕಲ್ಲಿಗಂಟಿದ ಚಿಪ್ಪುಗಳು, ಹಸಿರು ಮತ್ತು ಕಂದು ಪಾಚಿ. ಹೊಂಡಗಳಲ್ಲಿ ಖಾಲಿ ಶಂಖವನ್ನು ಮನೆ ಮಾಡಿಕೊಂಡ ಸನ್ಯಾಸಿ ಏಡಿ, ಮುಟ್ಟಿದರೆ ಮುದುಡುವ ಕಡಲಹೂವು, ನೆರಳು ಬಿದ್ದೊಡನೆ ಕಲ್ಲಿನಡಿ ಸೇರುವ ಪುಟ್ಟ ಮೀನು ಸಿಗುತ್ತವೆ. ಐದು ನಿಮಿಷ ಅಲುಗಾಡದೆ ಕೂತರೆ ಹೊಂಡದ ಜೀವಗಳು ತಾವಾಗಿ ಓಡಾಡತೊಡಗುತ್ತವೆ.

ಗದ್ದೆಗೂ ಹೊಂಡಕ್ಕೂ ಇರುವ ನಂಟನ್ನು ಅಲ್ಲಿಯೇ ಹೇಳಿ. ಇಳಿತದಲ್ಲಿ ಕಡಲಿನಿಂದ ಕಡಿದುಕೊಂಡ ಹೊಂಡ ಬಿಸಿಲಿಗೆ ಕಾಯುತ್ತದೆ, ನೀರು ಆವಿಯಾಗಿ ಉಪ್ಪು ಹೆಚ್ಚುತ್ತದೆ. ಮಳೆ ಬಿದ್ದರೆ ಉಪ್ಪು ತಟ್ಟನೆ ತಗ್ಗುತ್ತದೆ. ಆರು ಗಂಟೆಯೊಳಗೆ ಈ ಏರುಪೇರನ್ನು ತಾಳಿದ ಜೀವಿಗಳಷ್ಟೇ ಅಲ್ಲಿ ಉಳಿಯುತ್ತವೆ. ಕಗ್ಗ ವರ್ಷವಿಡೀ ಬದಲಾಗುವ ಉಪ್ಪಿಗೆ ಹೊಂದಿಕೊಂಡಂತೆ, ಇವು ದಿನವಿಡೀ ಬದಲಾಗುವ ಉಪ್ಪಿಗೆ ಹೊಂದಿಕೊಂಡಿವೆ.

ಕೆಲವು ಎಚ್ಚರಿಕೆಗಳು. ಹಸಿರು ಪಾಚಿಯ ಬಂಡೆ ಜಾರುತ್ತದೆ. ಹಿಡಿತವಿರುವ ಬೂಟು ಬೇಕು, ಹವಾಯಿ ಚಪ್ಪಲಿ ಸಾಲದು. ಕಡಲಿಗೆ ಬೆನ್ನು ಮಾಡಿ ನಿಲ್ಲಬೇಡಿ. ಒಬ್ಬ ದೊಡ್ಡವರಿಗೆ ಒಂದು ಮಗು ಎಂದು ಲೆಕ್ಕ ಇಟ್ಟುಕೊಳ್ಳಿ. ಶಂಕುವಿನಾಕಾರದ ಚೆಂದದ ಶಂಖ ಕಂಡರೂ ಎತ್ತಬೇಡಿ, ಅಂಥ ಕೆಲವು ಜಾತಿಗಳಿಗೆ ವಿಷದ ಮುಳ್ಳಿದೆ. ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೇ ಮೆಲ್ಲಗೆ ಇಡಿ, ಅದರಡಿಯ ಜೀವ ಬಿಸಿಲಿಗೆ ಬಿದ್ದರೆ ಸಾಯುತ್ತದೆ. ಖಾಲಿ ಶಂಖವನ್ನೂ ಜೇಬಿಗೆ ಹಾಕಬೇಡಿ, ನಾಳೆ ಒಂದು ಏಡಿಗೆ ಅದೇ ಮನೆ.

ಊರಿಗೆ ಮರಳಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ಬಂದ ಮೇಲೆ ನಿಮ್ಮ ಭಾಗದ ಎಷ್ಟೋ ಜಮೀನು ಸವಳು-ಜವಳಾಗಿದೆ. ಬಸಿದು ಹೋಗದ ನೀರು ನೆಲದೊಳಗೆ ಮೇಲೇರಿ, ಆವಿಯಾಗಿ, ಉಪ್ಪನ್ನು ಮಣ್ಣಿನ ಮೇಲೆ ಬಿಟ್ಟಿದೆ. ಕಡಲಿನಿಂದ ಅಷ್ಟು ದೂರವಿದ್ದೂ ಉಪ್ಪಿನ ಸಂಕಟ ನಿಮ್ಮ ಬದುವಿನ ಬಳಿಯೇ ಇದೆ. ಈ ಮಣ್ಣನ್ನೇ ಅಭ್ಯಾಸ ಮಾಡುವ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿಯಲ್ಲಿದೆ. ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ, ಕಗ್ಗದ ಗದ್ದೆಯಲ್ಲಿ ಕಂಡದ್ದನ್ನು ಅವರೇ ಹೇಳಲಿ, ಅವರೇ ಪ್ರಶ್ನೆ ಕೇಳಲಿ. ಉಪ್ಪನ್ನು ತೊಳೆಯುವುದು ಹೇಗೆ, ಉಪ್ಪಿನೊಡನೆ ಬಾಳುವುದು ಹೇಗೆ ಎಂಬ ಎರಡೂ ಪ್ರಶ್ನೆ ನಾಳೆ ನಿಮ್ಮ ಹೊಲ ಹಿಡಿಯುವ ಆ ಮಕ್ಕಳಿಗೇ ಬರಲಿವೆ.