ಜಲಸಂಗ್ವಿ ನೋಡಿಕೊಂಡು ಹೋಗಿ

ನಮ್ಮ ಹುಡಗಿ ಊರಿನ ಮಕ್ಕಳು ಈಗ ದೂರದ ದೇಶಗಳಿಗೆ ಹೋಗುತ್ತಿದ್ದೀರಿ. ಹೈದರಾಬಾದಿನಲ್ಲಿ ವಿಮಾನ ಹತ್ತಿದರೆ ಮರುದಿನ ದುಬೈಯೋ ಲಂಡನ್ನೋ. ನಮ್ಮ ಕಾಲದಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋಗಿ ಬಂದವರ ಸುತ್ತ ವಾರಗಟ್ಟಲೆ ಜನ ಕೂಡುತ್ತಿದ್ದರು. ನೀವು ಹೊರಡುವುದನ್ನು ನೋಡಿದರೆ ನನಗೆ ಹಿಗ್ಗು. ಬೇಡ ಅನ್ನುವ ಹಿರಿಯ ನಾನಲ್ಲ. ದುಡಿಯಿರಿ, ನಾಲ್ಕು ಕಾಸು ಕೂಡಿಸಿ, ಹೋಗಿ. ಸಾಲ ಮಾಡಿ ಮಾತ್ರ ಹೋಗಬೇಡಿ. ಹೊರಡುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಜಲಸಂಗ್ವಿಗೆ ಹೋಗಿ ಬನ್ನಿ.

ಜಲಸಂಗ್ವಿ ನಮ್ಮದೇ ಹುಮನಾಬಾದ್ ತಾಲ್ಲೂಕು. ಅಲ್ಲಿಯ ಈಶ್ವರನ ಗುಡಿ ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದ್ದು. ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಬರೆಯುತ್ತಾ ನಿಂತಿದ್ದಾಳೆ. ಮೈ ಬಳುಕಿಸಿ, ಕೈಯೆತ್ತಿ, ಎದುರಿನ ಹಲಗೆಯ ಮೇಲೆ ಬರೆಯುತ್ತಿದ್ದಾಳೆ. ಹಲಗೆಯ ಮೇಲಿನದು ಸುಮ್ಮನೆ ಗೀಚಿದ ಗೆರೆಯಲ್ಲ, ನಿಜವಾದ ಶ್ಲೋಕ, ವಿಕ್ರಮಾದಿತ್ಯನ ಹೊಗಳಿಕೆ. ಶಿಲ್ಪವೂ ಅದೇ, ಶಾಸನವೂ ಅದೇ. ತಿಳಿದವರು ಅವಳನ್ನು ಶಾಸನಸುಂದರಿ ಎಂದು ಕರೆಯುತ್ತಾರೆ. ಅವಳ ಮುಂದೆ ಅರ್ಧ ತಾಸು ನಿಲ್ಲಿ. ಅಕ್ಷರ ಎಲ್ಲಿ ಶುರುವಾಗಿದೆ, ಕೈ ಎಲ್ಲಿ ಬಂದು ನಿಂತಿದೆ, ಮಳೆಗಾಳಿಗೆ ಯಾವುದು ಸವೆದಿದೆ, ಯಾವುದು ಉಳಿದಿದೆ ಎಂದು ನೋಡಿ. ದೊರೆಯ ಕೀರ್ತಿಯನ್ನು ಬರೆಯಿಸಲು ಆ ಶಿಲ್ಪಿ ಒಬ್ಬ ಹೆಣ್ಣುಮಗಳ ಕೈಗೆ ಲೇಖನಿ ಕೊಟ್ಟನಲ್ಲ, ಯಾಕೆ ಕೊಟ್ಟ? ಹೆಬ್ಬೆಟ್ಟು ಒತ್ತುತ್ತಲೇ ಬದುಕು ಮುಗಿಸಿದ ನಮ್ಮ ಅಜ್ಜಿಯರನ್ನು ಕಂಡ ನನ್ನನ್ನು ಈ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ. ಹೀಗೆ ಒಂದು ಕಲ್ಲಿನ ಮುಂದೆ ನಿಂತು ಒಂದು ಪ್ರಶ್ನೆ ಹುಟ್ಟಿಸಿಕೊಳ್ಳಲು ಬಂದರೆ ಸಾಕು, ಮುಂದೆ ಜಗತ್ತಿನ ಯಾವ ಮೂಲೆಗೆ ಹೋದರೂ ನಿಮಗೆ ನೋಡುವುದು ಬರುತ್ತದೆ.

ನೀವು ಇಲ್ಲಿಂದ ಹೋಗುತ್ತಿದ್ದೀರಿ. ಒಂದು ಕಾಲಕ್ಕೆ ಜನ ದೂರದಿಂದ ಇಲ್ಲಿಗೆ ಬರುತ್ತಿದ್ದರು. ಈಗ ನಾವು ಬಸವಕಲ್ಯಾಣ ಅನ್ನುವ ಊರು ಅಂದು ಚಾಲುಕ್ಯರ ರಾಜಧಾನಿ ಕಲ್ಯಾಣ. 1076ರಲ್ಲಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯ ತನ್ನ ಹೆಸರಿನಲ್ಲೇ ಹೊಸ ಶಕೆ ಆರಂಭಿಸಿದವನು. ಹೊಲದ ಪಾಲಿನ ತಕರಾರಿನಲ್ಲಿ ವಕೀಲರು ಇಂದಿಗೂ ಹೆಸರೆತ್ತುವ ಮಿತಾಕ್ಷರವೆಂಬ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ಅವನ ಆಶ್ರಯದಲ್ಲಿ. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದವನು ಬಿಲ್ಹಣ. ಮಥುರೆ, ಕನೌಜ್, ಪ್ರಯಾಗ, ಕಾಶಿ, ಸೋಮನಾಥ ಎಲ್ಲ ಸುತ್ತಿ, ಕೊನೆಗೆ ಕಲ್ಯಾಣದಲ್ಲಿ ನೆಲೆ ನಿಂತು ದೊರೆಯ ಚರಿತ್ರೆಯನ್ನು ವಿಕ್ರಮಾಂಕದೇವಚರಿತವೆಂಬ ಕಾವ್ಯ ಮಾಡಿದ. ಹದಿನೆಂಟು ಸರ್ಗದ ಕಾವ್ಯ ಅದು. ಹದಿನೇಳು ಸರ್ಗ ದೊರೆಗೆ ಕೊಟ್ಟವನು ಕೊನೆಯದನ್ನು ತನಗಾಗಿ, ತನ್ನ ನಾಡಿಗಾಗಿ ಇಟ್ಟುಕೊಂಡ. ಅಲ್ಲಿ ಶ್ರೀನಗರದ ಹತ್ತಿರದ ತನ್ನ ಹಳ್ಳಿ ಖೋನಮುಖವನ್ನು, ಅಲ್ಲಿಯ ಕೇಸರಿ ಮತ್ತು ದ್ರಾಕ್ಷಿಯನ್ನು ನೆನೆದಿದ್ದಾನೆ. ಅಷ್ಟೆಲ್ಲ ತೀರ್ಥ, ಅಷ್ಟೆಲ್ಲ ಅರಮನೆ ಕಂಡವನಿಗೆ ತನ್ನ ಹಳ್ಳಿಯ ಹೆಸರನ್ನು ಚಕ್ರವರ್ತಿಯ ಕಾವ್ಯದಲ್ಲಿ ಬರೆಯಲು ಸಂಕೋಚವಾಗಲಿಲ್ಲ. ನಮ್ಮ ಎಷ್ಟೋ ಮಕ್ಕಳು ಹೊರಗೆ ಹೋದಾಗ ಹುಡಗಿ ಎಂಬ ಹೆಸರು ಹೇಳದೆ ಹೈದರಾಬಾದ್ ಕಡೆಯವರು ಎಂದು ಹೇಳಿ ಮುಗಿಸುತ್ತಾರೆ. ಅದು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಊರಿನ ಅರಿವು ಹೊರಗೆ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದು ನನಗೆ ಮನದಟ್ಟಾದದ್ದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ. ಮಗಳ ಮನೆಗೆ ಹೋದಾಗ ಕರೆದುಕೊಂಡು ಹೋಗಿದ್ದರು. ಕೊಲರಾಡೊ ನದಿ ಕೊರೆದ ಕಣಿವೆ ಅದು. ಉದ್ದ ಸುಮಾರು 446 ಕಿಲೋಮೀಟರ್, ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ಒಳಗೆ ಗೋಪುರದಂತೆ ಎದ್ದ ಬಂಡೆಗಳಿಗೆ ಶಿವನ ಗುಡಿ, ವಿಷ್ಣುವಿನ ಗುಡಿ ಎಂಬ ಹೆಸರುಗಳಿವೆ. ಅವನ್ನಿಟ್ಟವನು ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ, ಹತ್ತೊಂಬತ್ತನೇ ಶತಮಾನದವನು. ಬಂದವರಲ್ಲಿ ಬಹಳ ಜನ ಕಣಿವೆಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡು ಬಸ್ಸಿಗೆ ಮರಳುತ್ತಿದ್ದರು.

ಕಣಿವೆಯ ದಕ್ಷಿಣದ ಅಂಚಿನಲ್ಲಿ ಕಾಲದ ಹಾದಿ ಎಂದು ಒಂದು ಕಾಲುದಾರಿ ಮಾಡಿದ್ದಾರೆ. ನೆಲಕ್ಕೆ ಮೀಟರಿಗೊಂದು ಕಂಚಿನ ಗುರುತು. ಒಂದು ಮೀಟರ್ ಎಂದರೆ ಹತ್ತು ಲಕ್ಷ ವರ್ಷ. ದಾರಿಯ ಪಕ್ಕದಲ್ಲಿ ಕಣಿವೆಯ ಒಂದೊಂದು ಪದರದ ಕಲ್ಲನ್ನೂ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಇಂದಿನಿಂದ ಹಿಂದಕ್ಕೆ ನಡೆಯುತ್ತಾ ಹೋದೆ. ಅರವತ್ತಾರನೇ ಮೀಟರಿಗೆ ಬಂದಾಗ ತಾನಾಗಿ ನಿಂತೆ. ನಮ್ಮಲ್ಲಿ ಬಾವಿ ತೋಡುವಾಗ ಸಿಗುವ ಕರಿಕಲ್ಲು ಇದೆಯಲ್ಲ, ದಖ್ಖನಿನ ಲಾವಾ ಹರಿದು ಗಟ್ಟಿಯಾದ ಕಲ್ಲು, ಅದರ ವಯಸ್ಸು ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷ. ಅಂದರೆ ನಮ್ಮ ನೆಲ ಹುಟ್ಟಿದ್ದು ಅಲ್ಲಿ, ಆ ಗುರುತಿನ ಹತ್ತಿರ. ಕಣಿವೆಯ ಮೇಲಂಚಿನ ಸುಣ್ಣಕಲ್ಲಿಗೇ ಇಪ್ಪತ್ತೇಳು ಕೋಟಿ ವರ್ಷ. ತಳದಲ್ಲಿರುವ ವಿಷ್ಣು ಶಿಲೆ ಎಂಬ ಕಪ್ಪು ಕಲ್ಲಿಗೆ ನೂರೆಪ್ಪತ್ತು ಕೋಟಿಗೂ ಹೆಚ್ಚು. ಜಲಸಂಗ್ವಿಯ ಸುಂದರಿ ಬರೆಯಲು ನಿಂತು ಒಂಬೈನೂರು ವರ್ಷವಾಯಿತಷ್ಟೆ, ಆ ಹಾದಿಯಲ್ಲಿ ಅದು ಒಂದು ಮಿಲಿಮೀಟರೂ ಆಗುವುದಿಲ್ಲ. ಆದರೂ ಅವಳು ನನಗೆ ಸಣ್ಣವಳಾಗಿ ಕಾಣಲಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಮನುಷ್ಯ ಇಷ್ಟೆಲ್ಲ ಮಾಡಿದನಲ್ಲ ಎಂದು ಕಣ್ಣು ತುಂಬಿತು. ಬಾವಿಯ ಕರಿಕಲ್ಲಿನ ಸಂಗತಿ ಗೊತ್ತಿರದಿದ್ದರೆ ಆ ಅರವತ್ತಾರನೇ ಗುರುತನ್ನು ನಾನೂ ದಾಟಿ ಹೋಗುತ್ತಿದ್ದೆ.

ಅದಕ್ಕೇ ಹೇಳುವುದು, ಊರಿನದೊಂದು ಅಳತೆ ಜೊತೆಗಿರಲಿ. ಇರಾನಿಗೋ ಉಜ್ಬೇಕಿಸ್ತಾನಕ್ಕೋ ಹೋಗುವ ಯೋಗ ಬಂದರೆ ಮೊದಲು ಬೀದರ್ ನೋಡಿ. ಇರಾನಿನ ಗೀಲಾನಿನಿಂದ ಬಂದು ಬಹಮನಿಯರ ವಜೀರನಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಅಲ್ಲಿದೆ. 1696ರಲ್ಲಿ ಮದ್ದು ಸಿಡಿದು ಅದರ ಒಂದು ಭಾಗ ಕುಸಿಯಿತು. ಉಳಿದ ಮಿನಾರಿನ ಮೈಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ, ಹಸಿರು ಹೆಂಚುಗಳನ್ನು ಕಣ್ಣಲ್ಲಿ ತುಂಬಿಕೊಂಡವರಿಗೆ ಸಮರ್ಕಂದದ ಗೋಡೆ ಪರಕೀಯ ಅನ್ನಿಸುವುದಿಲ್ಲ. ಸುಳ್ಳು ಪತ್ರದ ಮಾತು ನಂಬಿದ ಸುಲ್ತಾನ 1481ರಲ್ಲಿ ಗವಾನನ ತಲೆ ತೆಗೆಸಿದ. ಅವನ ಗೋರಿ ಬೀದರಿನ ಹತ್ತಿರದ ಗೋರನಳ್ಳಿಯಲ್ಲಿದೆ. ಮದರಸಾ ನೋಡಿದವರು ಅಲ್ಲಿಗೂ ಹೋಗಬೇಕು. ಅಲ್ಲಿಗೆ ಹೋಗದಿದ್ದರೆ ಕಥೆ ಅರ್ಧಕ್ಕೇ ನಿಂತಂತೆ.

ಬೀದರಿನ ಮಗ್ಗುಲಿನ ನೌಬಾದಿನಲ್ಲಿರುವ ಕರೇಜ್ ಎಂಬ ನೆಲದಡಿಯ ನೀರಿನ ಕಾಲುವೆಯನ್ನೂ ಬಿಡಬೇಡಿ. ಕೆಂಪು ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲು ತಡೆದಲ್ಲಿ ನಿಲ್ಲುತ್ತದೆ. ಅದನ್ನು ನೆಲದಡಿಯ ಸುರಂಗಕ್ಕೆ ಇಳಿಸಿ, ಸಣ್ಣ ಇಳಿಜಾರಿನಲ್ಲಿ ಊರಿಗೆ ಹರಿಸಿದರು. ಈ ವಿದ್ಯೆ ಪರ್ಷಿಯಾದ್ದು, ಅಲ್ಲಿಯ ಇಂಥ ಕಾಲುವೆಗಳಿಗೆ 2016ರಲ್ಲಿ ವಿಶ್ವಪರಂಪರೆಯ ಮನ್ನಣೆ ಸಿಕ್ಕಿತು. ಬೇಸಿಗೆಯಲ್ಲಿ ಕೊಡ ಹೊತ್ತು ಅಲೆದ ಹೆಣ್ಣುಮಕ್ಕಳಿರುವ ಸೀಮೆ ನಮ್ಮದು. ನೀರಿನ ಈ ಕೆಲಸ ನನಗೆ ಯಾವ ಅರಮನೆಗಿಂತ ದೊಡ್ಡದು.

ಇನ್ನು ಒಂದೆರಡು ಮಾತು. ಗೋಡೆಯ ಜೊತೆಗೆ ಜನರನ್ನೂ ನೋಡಿ. ಹದಿನೈದನೇ ಶತಮಾನದಲ್ಲಿ ರಷ್ಯಾದಿಂದ ಬೀದರಿಗೆ ಬಂದ ವರ್ತಕ ನಿಕಿತಿನ್ ಸುಲ್ತಾನನ ವೈಭವದ ಜೊತೆಗೇ ಹಳ್ಳಿಗರ ಬಡತನವನ್ನೂ ಬರೆದಿಟ್ಟ. ಎಲ್ಲಿಗೇ ಹೋಗಿ, ಅಲ್ಲಿ ಕಸ ಗುಡಿಸುವವರನ್ನು, ಕಾವಲುಗಾರರನ್ನು ಮಾತಾಡಿಸಿ. ದಿನಕ್ಕೆ ಹತ್ತು ಜಾಗ ತೋರಿಸುತ್ತೇವೆ ಅನ್ನುವವರ ಮಾತು ಕೇಳಬೇಡಿ, ಒಂದು ದಿನಕ್ಕೆ ಒಂದು ಜಾಗ ಸಾಕು. ಕಲ್ಯಾಣದ ಕೋಟೆಯ ಕಲ್ಲಿನ ಮೇಲೂ ಹೆಸರು ಕೆತ್ತಿದವರಿದ್ದಾರೆ. ಆ ಕೆಲಸಕ್ಕೆ ನಿಮ್ಮಲ್ಲಿ ಯಾರೂ ಕೈ ಹಾಕಕೂಡದು.

ಜಲಸಂಗ್ವಿಗೆ ಹೋಗುವಾಗ ಮನೆಯ ಹಿರಿಯ ಹೆಣ್ಣುಮಕ್ಕಳನ್ನು, ಓದು ಬರಹ ಬಾರದವರನ್ನೇ ಮೊದಲು, ಕರೆದುಕೊಂಡು ಹೋಗಿ. ಆ ಹಲಗೆಯ ಮೇಲೆ ಏನು ಬರೆದಿದೆ ಎಂದು ಅವರಿಗೆ ನೀವು ಓದಿ ಹೇಳಬೇಕು. ಅಷ್ಟು ಓದಿಕೊಂಡು ಹೋಗಿ.