ಕಡ್ಡಿ ಹಿಡಿಯಿರಿ, ಜತೆಗೊಬ್ಬರನ್ನು ಕೂರಿಸಿಕೊಳ್ಳಿ

ಅಜ್ಜಿಯೋ ಅತ್ತೆಯೋ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದುದನ್ನು ನೋಡಿ ಬೆಳೆದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಂದ ಕಲಿತವರು ಮಾತ್ರ ಕಡಿಮೆ. ಈಗ ಮೂವತ್ತೋ ಐವತ್ತೋ ದಾಟಿದ ಮೇಲೆ ಕಲಿಯುವ ಆಸೆ ಹುಟ್ಟಿ, ವಿಡಿಯೊ ನೋಡುತ್ತಾ ಕಡ್ಡಿ ಹಿಡಿದು, ನಾಲ್ಕು ಸಾಲು ಹೆಣೆದು, ಐದನೆಯ ಸಾಲಿಗೆ ಸಿಕ್ಕು ಬಿದ್ದು ಎಲ್ಲವನ್ನೂ ಬೀರುವಿಗೆ ಸೇರಿಸಿದವರನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಅವರ ಕೈಯಲ್ಲಿ ಏನೂ ಕೊರತೆಯಿಲ್ಲ. ವಿಡಿಯೊ ಹೇಗೆ ಮಾಡಬೇಕು ಎಂದು ತೋರಿಸುತ್ತದೆ, ನಿಮ್ಮ ಕಡ್ಡಿಯ ಮೇಲೆ ಈಗ ಏನಾಗಿದೆ ಎಂದು ನೋಡಿ ಹೇಳುವುದಿಲ್ಲ. ಅದನ್ನು ಹೇಳಲು ಪಕ್ಕದಲ್ಲಿ ಒಬ್ಬರು ಬೇಕು. ಹಾಗಾಗಿ ಹೆಣಿಗೆಯ ಸಾಮಾನುಗಳ ಪಟ್ಟಿಯಲ್ಲಿ ದಾರ, ಕಡ್ಡಿಯ ಜತೆಗೆ ಇನ್ನೊಬ್ಬ ಹೆಣೆಯುವವರನ್ನೂ ಸೇರಿಸಿಕೊಂಡೇ ಶುರುಮಾಡಿ.

ಅಂಗಡಿಯಲ್ಲಿ ಏನು ಕೇಳಬೇಕು

ಫ್ಯಾನ್ಸಿ ಸ್ಟೋರ್‌ಗಳಲ್ಲಿ, ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಅಕ್ರಿಲಿಕ್ ದಾರ. ಲೂಧಿಯಾನದ ವರ್ಧಮಾನ್, ಓಸ್ವಾಲ್, ಗಂಗಾ ಮೊದಲಾದ ಹೆಸರುಗಳಲ್ಲಿ ಉಂಡೆಗಳು ಸಿಗುತ್ತವೆ. ಕಲಿಯುವವರಿಗೆ ಅಕ್ರಿಲಿಕ್ಕೇ ಸರಿ. ಬೆಲೆ ಕಡಿಮೆ, ಬಿಚ್ಚಿ ಮತ್ತೆ ಹೆಣೆದರೂ ತಡೆಯುತ್ತದೆ. ಹತ್ತಿಯ ದಾರ ನಮ್ಮ ಕರಾವಳಿಗೂ ಕಲಬುರಗಿಯ ಸೆಕೆಗೂ ಹಿತವಾದದ್ದು. ಆದರೆ ಅದಕ್ಕೆ ಎಳೆದರೆ ಹಿಗ್ಗುವ ಗುಣ ಇಲ್ಲ, ಹೊಸ ಕೈಗೆ ಬೇಗ ನೋವು ತರುತ್ತದೆ. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಚಳ್ಳಕೆರೆಯ ಕಡೆ ಕಂಬಳಿ ನೇಯುವ ಡೆಕ್ಕನಿ ಕುರಿಯ ಉಣ್ಣೆಯಿಂದ ಸ್ವೆಟರ್ ಹೆಣೆಯಬಹುದೇ ಎಂದು ಕೆಲವರು ಕೇಳುವುದುಂಟು. ಅದು ಒರಟು ಉಣ್ಣೆ, ಮಗ್ಗಕ್ಕೆ ಹೇಳಿ ಮಾಡಿಸಿದ್ದು. ಮಳೆಯಲ್ಲಿ ಕುರಿಗಾಹಿಯ ಬೆನ್ನು ಕಾಯುವ ಆ ಕಂಬಳಿಯ ಮೇಲೆ ನನಗೆ ಬಹಳ ಗೌರವ. ಕುತ್ತಿಗೆಗೆ ತಾಗುವ ಮಫ್ಲರಿಗೆ ಮಾತ್ರ ಅದು ಚುಚ್ಚುತ್ತದೆ.

ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿ ದಾರದಲ್ಲಿ ಕುಣಿಕೆಗಳು ಕಣ್ಣಿಗೆ ಕಾಣುವುದೇ ಇಲ್ಲ. ಜೂಲು ಇರುವ, ಮಿಂಚು ಇರುವ, ಬಣ್ಣ ಬದಲಾಗುವ ದಾರಗಳೂ ಈಗ ಬೇಡ. ನುಣುಪಾದ, ನಡುಗಾತ್ರದ ದಾರ 100 ಗ್ರಾಂ ಕೊಂಡರೆ ಕಲಿಕೆಗೆ ಸಾಕು. ಮುಂದೆ ಸ್ವೆಟರಿಗೆ ಕೊಳ್ಳುವಾಗ ಎಲ್ಲ ಉಂಡೆಗಳನ್ನೂ ಒಂದೇ ಸಲ ಕೊಂಡು, ಲೇಬಲ್ಲಿನ ಮೇಲಿರುವ ಬಣ್ಣದ ಲಾಟ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯೇ ಎಂದು ನೋಡಿ. ಲಾಟ್ ಬೇರೆಯಾದರೆ ಅಂಗಡಿಯ ಬೆಳಕಿನಲ್ಲಿ ಒಂದೇ ಅನಿಸಿದ ಬಣ್ಣ ಬಿಸಿಲಿನಲ್ಲಿ ತೋಳಿಗೊಂದು ಬೆನ್ನಿಗೊಂದು ಆಗಿ ಕಾಣುತ್ತದೆ.

ಕಡ್ಡಿಯ ವಿಚಾರದಲ್ಲಿ ಒಂದು ಎಚ್ಚರ. ನಮ್ಮಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ನಂಬರ್. ಇದರಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಪೂರ: 6 ಎಂದರೆ 5 ಮಿ.ಮೀ., 7 ಎಂದರೆ 4.5, 8 ಎಂದರೆ 4, 11 ಎಂದರೆ 3 ಮಿ.ಮೀ. ಅಮೆರಿಕದ ನಂಬರ್ ಇದಕ್ಕೆ ತಿರುಗುಮುರುಗು, ಅಲ್ಲಿಯ 8 ಎಂದರೆ 5 ಮಿ.ಮೀ. ಅಲ್ಲಿರುವ ಮಗಳು ಕಳಿಸಿದ ಕಡ್ಡಿಯನ್ನೂ ಇಲ್ಲಿಯ ಪುಸ್ತಕದ ಮಾದರಿಯನ್ನೂ ನಂಬರ್ ನೋಡಿ ಜೋಡಿಸಿದರೆ ಮಗುವಿನ ಅಂಗಿ ಅಣ್ಣನಿಗೆ ಆಗುವಷ್ಟು ದೊಡ್ಡದಾದೀತು. ಯಾವಾಗಲೂ ಮಿಲಿಮೀಟರ್ ನೋಡಿ. ಮೊದಲ ಜೋಡಿ 4.5 ಮಿ.ಮೀ. ಇರಲಿ, ಸಿಕ್ಕರೆ ಬಿದಿರಿನದು ಅಥವಾ ಮರದ್ದು. ಲೋಹದ ಕಡ್ಡಿಯ ಮೇಲೆ ಕುಣಿಕೆ ಜಾರುತ್ತದೆ, ಬಿದಿರು ಹಿಡಿದುಕೊಳ್ಳುತ್ತದೆ. ಇದರ ಜತೆಗೆ ಮೊಂಡು ತುದಿಯ ದಪ್ಪ ಸೂಜಿ, ಒಂದು ಕ್ರೋಶಾ ಕಡ್ಡಿ, ಟೇಪು, ಕತ್ತರಿ.

ಮೊದಲ ಚೌಕ

ಎಲ್ಲರೂ ಮಫ್ಲರ್‌ನಿಂದ ಶುರುಮಾಡುತ್ತಾರೆ. ನನ್ನ ಸಲಹೆ ಬೇರೆ. ಮಫ್ಲರ್ ಒಂದೂವರೆ ಮೀಟರ್ ಉದ್ದ. ಅರ್ಧಕ್ಕೇ ಬೇಸರ ಬರುತ್ತದೆ, ಮೊದಲ ಗೇಣಿನ ಒರಟುತನ ಕೊನೆಯವರೆಗೂ ಕಣ್ಣು ಕುಕ್ಕುತ್ತದೆ. ಅದರ ಬದಲು ಸುಮಾರು 20 ಸೆಂ.ಮೀ. ಅಗಲದ ಒಂದು ಚೌಕ ಹೆಣೆಯಿರಿ. ಮುಗಿದರೆ ಇನ್ನೊಂದು. ಇವು ವ್ಯರ್ಥವಾಗುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ದಾರದ ತುದಿಯಲ್ಲಿ ಒಂದು ಜಾರುಗಂಟು ಹಾಕಿ ಎಡಗೈಯ ಕಡ್ಡಿಗೆ ಏರಿಸಿ. ಇನ್ನು ಸೀದಾ ಹೆಣಿಗೆ. ದಾರ ಕಡ್ಡಿಯ ಹಿಂದಿರಲಿ. ಬಲಗೈಯ ಕಡ್ಡಿಯ ತುದಿಯನ್ನು ಕುಣಿಕೆಯೊಳಗೆ ಎಡದಿಂದ ಬಲಕ್ಕೆ, ಮುಂದಿನಿಂದ ಹಿಂದಕ್ಕೆ ತೂರಿಸಿ. ದಾರವನ್ನು ಆ ತುದಿಗೆ ಒಂದು ಸುತ್ತು ಸುತ್ತಿ. ಸುತ್ತಿದ ದಾರವನ್ನು ಕುಣಿಕೆಯೊಳಗಿಂದ ಈಚೆಗೆ ಎಳೆಯಿರಿ. ಕುಣಿಕೆ ಹಾಕಿಕೊಳ್ಳುವ ಹಂತದಲ್ಲಿ ಹೀಗೆ ಎಳೆದ ಹೊಸ ಕುಣಿಕೆಯನ್ನು ಮತ್ತೆ ಎಡಗಡ್ಡಿಗೇ ಏರಿಸಬೇಕು, ಹಳೆಯದನ್ನು ಬಿಡಬಾರದು. ಹೀಗೆ 36 ಕುಣಿಕೆ ಹಾಕಿ. ಹೆಬ್ಬೆರಳು, ತೋರುಬೆರಳಿನ ನಡುವೆ ದಾರ ಹಿಡಿದು ಒಂದೇ ಕಡ್ಡಿಯಲ್ಲಿ ಸರಸರ ಹಾಕುವ ಬಗೆಯೂ ಇದೆ, ಅಂಚು ಇನ್ನೂ ಚೆನ್ನಾಗಿ ಬರುತ್ತದೆ. ಅದನ್ನು ಆಮೇಲೆ ಯಾರದಾದರೂ ಕೈ ನೋಡಿ ಕಲಿಯಿರಿ. ಮೊದಲು ಹೇಳಿದ ಬಗೆಯಲ್ಲಿ ಕುಣಿಕೆ ಹಾಕುವಾಗಲೇ ಸೀದಾ ಹೆಣಿಗೆಯ ಚಲನೆಯೂ ಬೆರಳಿಗೆ ಹತ್ತಿಬಿಡುತ್ತದೆ.

ಸಾಲು ಹೆಣೆಯುವಾಗ ನಾಲ್ಕನೆಯ ಹೆಜ್ಜೆಯೊಂದು ಸೇರುತ್ತದೆ: ಹೊಸ ಕುಣಿಕೆ ಬಲಗಡ್ಡಿಯಲ್ಲೇ ಉಳಿಯುತ್ತದೆ, ಹಳೆಯದನ್ನು ಎಡಗಡ್ಡಿಯಿಂದ ಜಾರಿಸಿ ಬಿಡುತ್ತೀರಿ. ತೂರಿಸು, ಸುತ್ತು, ಎಳೆ, ಬಿಡು. ಬಾಯಲ್ಲಿ ಹೇಳಿಕೊಳ್ಳುತ್ತಲೇ ಹೆಣೆಯಿರಿ. ಸಾಲು ಮುಗಿದ ಮೇಲೆ ಕಡ್ಡಿಗಳನ್ನು ಅದಲುಬದಲು ಮಾಡಿ ಮತ್ತೆ ಅದೇ. ಎರಡು ಸಾಲಿಗೆ ಒಂದು ಉಬ್ಬುಗೆರೆ ಮೂಡುತ್ತದೆ. 36 ಕುಣಿಕೆಗೆ 36 ಗೆರೆ, ಅಂದರೆ 72 ಸಾಲು ಆದಾಗ ಚೌಕ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಮೂಲೆಯಿಂದ ಮೂಲೆಗೆ ಮಡಿಸಿ ನೋಡಿದರೆ ಗೊತ್ತಾಗುತ್ತದೆ. ಮುಗಿಸಲು ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡಿ. ಇನ್ನೊಂದು ಹೆಣೆದು ಮತ್ತೆ ದಾಟಿಸಿ. ಇಲ್ಲಿ ಕೈ ಬಿಗಿಯಾದರೆ ಅಂಚು ಮುದುಡುತ್ತದೆ, ಈ ಒಂದು ಸಾಲಿಗೆ ಒಂದು ಅಳತೆ ದಪ್ಪದ ಕಡ್ಡಿ ಹಿಡಿಯುವುದು ಒಳ್ಳೆಯದು.

ಎರಡನೆಯ ಚೌಕದಲ್ಲಿ ಉಲ್ಟಾ ಕಲಿಯಿರಿ. ಈಗ ದಾರ ಮುಂದೆ ಬರಬೇಕು, ಕಡ್ಡಿ ಬಲದಿಂದ ಎಡಕ್ಕೆ ತೂರಬೇಕು, ಸುತ್ತಿದ ದಾರ ಹಿಂದಕ್ಕೆ ಹೋಗಬೇಕು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಅಂಗಡಿಯ ಸ್ವೆಟರಿನಲ್ಲಿ ಕಾಣುವ ನಯವಾದ ಮೈ ಬರುತ್ತದೆ. ಅದರ ಅಂಚು ಸುರುಳಿ ಸುತ್ತುತ್ತದೆ. ಅದು ಆ ಹೆಣಿಗೆಯ ಸ್ವಭಾವ, ನಿಮ್ಮ ತಪ್ಪಲ್ಲ. ಒಂದೇ ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ ಹಾಕುತ್ತಾ ಹೋದರೆ ಹಿಗ್ಗುವ ಪಟ್ಟಿ ಬರುತ್ತದೆ. ಟೋಪಿಯ ಅಂಚು, ಸ್ವೆಟರಿನ ಮುಂಗೈ ಎಲ್ಲ ಇದೇ.

ಕುಣಿಕೆ ಹೆಚ್ಚಿತು, ಕುಣಿಕೆ ಬಿತ್ತು

ಪ್ರತಿ ಸಾಲಿನ ಕೊನೆಗೂ ಎಣಿಸಿ. 36 ಇದ್ದದ್ದು 37 ಆದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಸಾಲಿನ ಶುರುವಿನಲ್ಲಿ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿ ಮೊದಲ ಕುಣಿಕೆಯನ್ನು ಮೇಲಕ್ಕೆ ಎಳೆದಿರುತ್ತದೆ. ಆಗ ಒಂದೇ ಕುಣಿಕೆಯ ಎರಡು ಕಾಲುಗಳು ಎರಡು ಕುಣಿಕೆಗಳಂತೆ ಕಾಣುತ್ತವೆ, ನೀವು ಎರಡನ್ನೂ ಹೆಣೆದುಬಿಡುತ್ತೀರಿ. ಇಲ್ಲವೇ ಉಲ್ಟಾ ಆದ ಮೇಲೆ ದಾರವನ್ನು ಹಿಂದಕ್ಕೆ ತರದೆ ಸೀದಾ ಹೆಣೆದು, ನಡುವೆ ಹೊಸ ಸುತ್ತೊಂದು ಹುಟ್ಟಿರುತ್ತದೆ. ಅಲ್ಲೊಂದು ತೂತೂ ಕಾಣುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಕುಣಿಕೆ ಬಿದ್ದಿದೆ. ಕೆಳಗೆ ಏಣಿಯ ಹಾಗೆ ಅಡ್ಡದಾರಗಳು ತೋರುತ್ತವೆ. ಕ್ರೋಶಾ ಕಡ್ಡಿಯಿಂದ ಬಿದ್ದ ಕುಣಿಕೆಯನ್ನು ಹಿಡಿದು, ಒಂದೊಂದು ಅಡ್ಡದಾರವನ್ನೂ ಅದರೊಳಗಿಂದ ಎಳೆಯುತ್ತಾ ಮೇಲಕ್ಕೆ ತನ್ನಿ. ಕುಣಿಕೆ ಬಿದ್ದದ್ದೇ ತಿಳಿಯುವುದಿಲ್ಲ.

ಇನ್ನೊಂದು ತೊಡಕು ಇಬ್ಬರಿಂದ ಕಲಿತವರಿಗೆ ಬರುತ್ತದೆ. ಕೆಲವರು ದಾರವನ್ನು ಬಲಗೈಯಲ್ಲಿ ಹಿಡಿಯುತ್ತಾರೆ, ಕೆಲವರು ಎಡಗೈಯಲ್ಲಿ. ಉಲ್ಟಾ ಹೆಣೆಯುವಾಗ ದಾರ ಸುತ್ತುವ ದಿಕ್ಕೂ ಮನೆಯಿಂದ ಮನೆಗೆ ಬೇರೆ. ಎಲ್ಲವೂ ಸರಿಯೇ. ಆದರೆ ಒಬ್ಬರ ಸೀದಾವನ್ನು ಇನ್ನೊಬ್ಬರ ಉಲ್ಟಾದ ಜತೆ ಬೆರೆಸಿದರೆ ಕುಣಿಕೆಗಳು ತಿರುಚಿಕೊಂಡು ಬಟ್ಟೆ ಬಿರುಸಾಗುತ್ತದೆ. ಮೊದಲ ಕೆಲವು ತಿಂಗಳು ಒಬ್ಬರ ಪದ್ಧತಿಗೇ ಅಂಟಿಕೊಳ್ಳಿ.

ಅಳತೆಯ ತುಂಡು

ಮಾದರಿಯಲ್ಲಿ 10 ಸೆಂ.ಮೀ.ಗೆ 20 ಕುಣಿಕೆ ಎಂದಿದೆ ಅನ್ನೋಣ, ಎದೆಸುತ್ತು 100 ಸೆಂ.ಮೀ., ಒಟ್ಟು 200 ಕುಣಿಕೆ. ನಿಮ್ಮ ಕೈ ಸ್ವಲ್ಪ ಬಿಗಿಯಿದ್ದು 10 ಸೆಂ.ಮೀ.ಗೆ 22 ಕುಣಿಕೆ ಬರುತ್ತಿದ್ದರೆ ಅದೇ 200 ಕುಣಿಕೆ ಸುಮಾರು 91 ಸೆಂ.ಮೀ. ಆಗುತ್ತದೆ. ಎರಡೇ ಕುಣಿಕೆಯ ವ್ಯತ್ಯಾಸಕ್ಕೆ ಸ್ವೆಟರ್ ಮೈಗೆ ಬಿಗಿಯಾಗಿಬಿಡುತ್ತದೆ. ಅದಕ್ಕೇ ಅದೇ ದಾರ, ಅದೇ ಕಡ್ಡಿಯಲ್ಲಿ 15 ಸೆಂ.ಮೀ. ಅಗಲದ ತುಂಡೊಂದನ್ನು ಹೆಣೆದು, ತೊಳೆದು, ಒಣಗಿಸಿ, ನಡುವಿನ 10 ಸೆಂ.ಮೀ. ಎಣಿಸಬೇಕು. ಕುಣಿಕೆ ಹೆಚ್ಚಿದ್ದರೆ ದಪ್ಪ ಕಡ್ಡಿ, ಕಡಿಮೆಯಿದ್ದರೆ ಸಪೂರ ಕಡ್ಡಿ. ಈ ಒಂದು ಸಂಜೆಯ ಕೆಲಸ ತಪ್ಪಿಸಿದವರು ಒಂದು ತಿಂಗಳ ಕೆಲಸ ಬಿಚ್ಚುತ್ತಾರೆ.

ಚೌಕಗಳ ನಂತರ ಟೋಪಿ. ದೊಡ್ಡವರಿಗೆ 96 ಕುಣಿಕೆ ಹಾಕಿ, ಎರಡು ಸೀದಾ ಎರಡು ಉಲ್ಟಾ ಪಟ್ಟಿ 5 ಸೆಂ.ಮೀ., ಆಮೇಲೆ ನಯದ ಹೆಣಿಗೆ ಒಟ್ಟು 20 ಸೆಂ.ಮೀ. ಆಗುವವರೆಗೆ. ಒಂದು ಸೀದಾ ಸಾಲಿನಲ್ಲಿ ಎರಡೆರಡು ಕುಣಿಕೆಗಳನ್ನು ಸೇರಿಸಿ ಹೆಣೆದರೆ 48, ಒಂದು ಉಲ್ಟಾ ಸಾಲಿನ ನಂತರ ಮತ್ತೆ ಹಾಗೇ ಮಾಡಿದರೆ 24. ದಾರವನ್ನು ಉದ್ದ ಬಿಟ್ಟು ಕತ್ತರಿಸಿ, ಸೂಜಿಯಲ್ಲಿ ಪೋಣಿಸಿ 24ರೊಳಗೂ ಹಾಯಿಸಿ ಬಿಗಿದು, ಅದೇ ದಾರದಲ್ಲಿ ಬದಿಯನ್ನು ಹೊಲಿಯಿರಿ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿಸಬೇಡಿ, ಕರಗಿ ಚಪ್ಪಟೆಯಾದ ದಾರ ಮತ್ತೆ ಏಳುವುದಿಲ್ಲ. ಉಣ್ಣೆಯಾದರೆ ತಣ್ಣೀರಿನಲ್ಲಿ ತೊಳೆದು, ಹಿಂಡದೆ, ನೆರಳಿನಲ್ಲಿ ಹಾಸಿ ಒಣಗಿಸಿ.

ಜತೆಗಾರರು ಎಲ್ಲಿ ಸಿಗುತ್ತಾರೆ

ಮೊದಲು ದಾರದ ಅಂಗಡಿಯವರನ್ನೇ ಕೇಳಿ. ಊರಿನಲ್ಲಿ ಯಾರು ಹೆಣೆಯುತ್ತಾರೆ, ಯಾರು ಕಲಿಸುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹೊಲಿಗೆ ಕ್ಲಾಸಿನ ಟೀಚರ್, ಬಡಾವಣೆಯ ಮಹಿಳಾ ಸಮಾಜ, ಹಿರಿಯ ನಾಗರಿಕರ ಸಂಘ ಇವೂ ಒಳ್ಳೆಯ ದಾರಿಗಳು. ಹಿರಿಯರನ್ನು ‘ಅಮ್ಮಾ, ನಿಮ್ಮ ಹತ್ತಿರ ಕಲಿಯಬೇಕು’ ಎಂದು ಕೇಳಿ ನೋಡಿ. ವರ್ಷಗಟ್ಟಲೆ ಯಾರೂ ಕೇಳದೆ ಉಳಿದ ವಿದ್ಯೆಯನ್ನು ಅವರು ಎಷ್ಟು ಪ್ರೀತಿಯಿಂದ ಎದುರಿಗಿಡುತ್ತಾರೆಂದು ನಿಮಗೇ ತಿಳಿಯುತ್ತದೆ. ಗಂಡಸರೂ ಹಿಂಜರಿಯಬೇಕಾಗಿಲ್ಲ. ಯುರೋಪಿನಲ್ಲಿ ಶತಮಾನಗಳ ಹಿಂದೆ ಹೆಣಿಗೆಯವರ ವೃತ್ತಿಸಂಘಗಳನ್ನು ನಡೆಸಿದವರು ಗಂಡಸರೇ.

ಯಾರೂ ಸಿಗದಿದ್ದರೆ ನೀವೇ ಗುಂಪು ಕಟ್ಟಿ. ಇಬ್ಬರು ಸಾಕು. ವಾರದ ಒಂದು ದಿನ, ಒಂದೇ ಜಾಗ, ಒಂದೇ ಹೊತ್ತು, ಎರಡು ಗಂಟೆ. ಬಂದವರು ಎಷ್ಟೇ ಇರಲಿ, ದಿನ ತಪ್ಪಿಸಬೇಡಿ. ಗುಂಪು ಉಳಿಯುವುದು ಇದೊಂದರಿಂದ. ಶುಲ್ಕ ಬೇಡ, ತಿಂಡಿಯ ಸ್ಪರ್ಧೆಯೂ ಬೇಡ, ಚಹಾ ಸಾಕು. ಪಾರ್ಕ್ ಆಗಬಹುದು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರಲ್ಲಿ ಶುರುವಾದ ಮೌನ ಓದಿನ ಕೂಟ ಎಷ್ಟೋ ಊರುಗಳಿಗೆ ಹರಡಿತು. ಅಪರಿಚಿತರು ಒಂದೆಡೆ ಕೂತು ಅವರವರ ಕೆಲಸ ಮಾಡಿಕೊಳ್ಳಲು ಮರದ ನೆರಳಿಗಿಂತ ಹೆಚ್ಚೇನೂ ಬೇಡ ಎಂದು ಅದು ತೋರಿಸಿದೆ. 2005ರಿಂದ ಪ್ರತಿ ಜೂನ್‌ನಲ್ಲಿ ಹಲವು ದೇಶಗಳ ಜನ ಬಯಲಲ್ಲಿ ಕೂತು ಒಟ್ಟಿಗೆ ಹೆಣೆಯುವ ದಿನವೊಂದನ್ನು ಆಚರಿಸುತ್ತಾರೆ. ನಮ್ಮಲ್ಲಿ ಆಗ ಮಳೆ, ಸೂರು ಇರುವ ಜಾಗ ನೋಡಿಕೊಳ್ಳಿ.

ಕಲಿಸುವವರಿಗೆ ಒಂದೇ ನಿಯಮ: ಕಲಿಯುವವರ ಕಡ್ಡಿ ಕಸಿದುಕೊಳ್ಳಬಾರದು. ‘ಇಲ್ಲಿ ಕೊಡು, ನಾನು ಸರಿ ಮಾಡಿಕೊಡ್ತೀನಿ’ ಎಂಬ ಮಾತು ಪ್ರೀತಿಯದೇ, ಆದರೆ ಅದರಿಂದ ಸರಿಯಾಗುವುದು ಬಟ್ಟೆ ಮಾತ್ರ. ನಿಮ್ಮ ಹೆಣಿಗೆಯಲ್ಲಿ ಅದೇ ತಪ್ಪು ಮಾಡಿ, ಅದನ್ನು ನಿಧಾನವಾಗಿ ಬಿಡಿಸಿ ತೋರಿಸಿ. ಕಲಿಯುವವರು ಪಕ್ಕದಲ್ಲೇ ಕೂರಲಿ. ಎಡಚರು ಮಾತ್ರ ಎದುರಿಗೆ ಕೂರಲಿ. ಕನ್ನಡಿಯಲ್ಲಿ ಕಂಡಂತೆ ನೋಡಿ ಮಾಡಲು ಅವರಿಗೆ ಅದು ಸುಲಭ. ಅರ್ಧ ಗಂಟೆಗೊಮ್ಮೆ ಎಲ್ಲರೂ ಕಡ್ಡಿ ಕೆಳಗಿಟ್ಟು ಮಣಿಕಟ್ಟು, ಕುತ್ತಿಗೆ ಸಡಿಲಿಸಲಿ.

ಒಟ್ಟಿಗೆ ಹೆಣೆಯುವ ಕೆಲಸ

ಆ ಚೌಕಗಳಿಗೆ ಈಗ ಬರೋಣ. 20 ಸೆಂ.ಮೀ.ನ 30 ಚೌಕಗಳನ್ನು ಐದರ ಆರು ಸಾಲಾಗಿ ಹೊಲಿದರೆ 100 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಮಕ್ಕಳ ಹೊದಿಕೆ ಆಗುತ್ತದೆ. ಆರು ಜನ ಐದೈದು ಹೆಣೆದರೆ ಮುಗಿಯಿತು. ದಾರದ ದಪ್ಪ ಎಲ್ಲರದೂ ಒಂದೇ ಇರಲಿ, ಬಣ್ಣ ಬೇರೆಯಿದ್ದರೆ ಚಂದವೇ. ಚೆನ್ನೈಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಬಳಗ ಹೀಗೆಯೇ ನೂರಾರು ಹೆಂಗಸರ ತುಂಡುಗಳನ್ನು ಜೋಡಿಸಿ 2016ರ ಜನವರಿಯಲ್ಲಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಬರೆಯಿತು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಮಹಿಳೆಯರಿಗೆ ಬ್ರಾ ಒಳಗೆ ಇಟ್ಟುಕೊಳ್ಳುವ ಹತ್ತಿ ದಾರದ ಮೃದು ಕೃತಕ ಸ್ತನಗಳನ್ನು ಮುಂಬೈಯ ಸಾಯಿಷಾ ಇಂಡಿಯಾ ಫೌಂಡೇಶನ್‌ನ ಸ್ವಯಂಸೇವಕರು ಹೆಣೆದು ಉಚಿತವಾಗಿ ಕೊಡುತ್ತಾರೆ. ಕೈ ಪಳಗಿದ ಮೇಲೆ ಗುಂಪು ಕೈಗೆತ್ತಿಕೊಳ್ಳಬಹುದಾದ ಕೆಲಸ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಹೆರಿಗೆ ಆಸ್ಪತ್ರೆಗೆ ಕೂಸಿನ ಟೋಪಿ ಕೊಡುವ ಮನಸ್ಸಿದ್ದರೆ ಹೆಣೆಯುವ ಮೊದಲು ಅಲ್ಲಿಯ ನರ್ಸ್ ಒಬ್ಬರನ್ನು ಕಂಡು ಯಾವ ದಾರ, ಯಾವ ಅಳತೆ, ಎಷ್ಟು ಬೇಕು ಎಂದು ಕೇಳಿ. ದಿನ ತುಂಬಿ ಹುಟ್ಟಿದ ಕೂಸಿನ ತಲೆಸುತ್ತು ಸುಮಾರು 35 ಸೆಂ.ಮೀ., ಅವಧಿಗೆ ಮುಂಚೆ ಹುಟ್ಟಿದವಕ್ಕೆ ಇನ್ನೂ ಚಿಕ್ಕದು. ಗುಂಡಿ, ಜೊಂಪೆ, ಕಟ್ಟುವ ದಾರ ಯಾವುದೂ ಇರಬಾರದು. ಒಳಗಿನ ದಾರದ ತುದಿಗಳನ್ನು ಪೂರ್ತಿ ಹೆಣಿಗೆಯೊಳಗೆ ಹುದುಗಿಸಿ, ಇಲ್ಲವಾದರೆ ಪುಟ್ಟ ಬೆರಳುಗಳು ಸಿಕ್ಕಿಕೊಳ್ಳುತ್ತವೆ. ತೊಳೆದು ಒಣಗಿಸಿ, ಅಳತೆಯ ಪ್ರಕಾರ ಬೇರೆ ಬೇರೆ ಕಟ್ಟು ಕಟ್ಟಿ, ಮೇಲೆ ಅಳತೆ ಬರೆದು ಕೊಡಿ.